ಎರಡನೆಯ ಸಲ ಹೇಳುವುದು

ಧಾರವಾಡದ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ನನಗೆ ಸಣ್ಣದೊಂದು ವಿಮಾನ ಕಂಪನಿ ಕೆಲಸ ಒಪ್ಪಿಸಿತ್ತು. ಪೈಲಟ್‌ಗಳು ಒಬ್ಬರ ತಪ್ಪನ್ನು ಇನ್ನೊಬ್ಬರು ಹೇಳಿ ತಿದ್ದುವಂಥ ತರಬೇತಿ ರೂಪಿಸಬೇಕು. ವಿಮಾನದ ವಿಚಾರ ನನಗೆ ಗೊತ್ತಿರಲಿಲ್ಲ. ಮನುಷ್ಯರು ಯಾವಾಗ ಬಾಯಿ ಮುಚ್ಚಿಕೊಳ್ಳುತ್ತಾರೆಂಬುದು ಸ್ವಲ್ಪ ಗೊತ್ತಿತ್ತು.

ರಾಯಾಪುರದ ಒಂದು ಸಭಾಂಗಣದಲ್ಲಿ ಮೊದಲ ಪ್ರಯೋಗ. ಎರಡು ಕುರ್ಚಿ, ಎದುರಿನ ಪರದೆಯ ಮೇಲೆ ವಿಮಾನದ ಚಿತ್ರ, ಎತ್ತರ ತೋರಿಸುವ ಮುಳ್ಳು. ರನ್‌ವೇ ಕಾಣುವವರೆಗೆ ಇಷ್ಟಕ್ಕಿಂತ ಕೆಳಗಿಳಿಯಬಾರದೆಂಬ ಮಿತಿಯಿರುತ್ತದೆ; ಇಳಿಯುವಾಗ ಬೇಕೆಂದೇ ಅದನ್ನು ದಾಟಿ ಕೆಳಗೆ ಹೋಗಿ ಎಂದು ಹಿರಿಯ ಕ್ಯಾಪ್ಟನ್‌ಗೆ ಗುಟ್ಟಾಗಿ ಹೇಳಿದ್ದೆ. ಪಕ್ಕದಲ್ಲಿ ಅವರ ಸಹಪೈಲಟ್, ಹುಬ್ಬಳ್ಳಿಯ ಹತ್ತಿ ವ್ಯಾಪಾರಿಗಳ ಮನೆಯ ಹುಡುಗಿ.

ಮುಳ್ಳು ಮಿತಿ ದಾಟಿತು.

“ಸರ್, ಎತ್ತರ ಒಮ್ಮೆ ನೋಡೋಣೇನ್ರಿ?” ಎಂದಳು.

“ನೋಡೇನಿ,” ಎಂದರು ಕ್ಯಾಪ್ಟನ್.

ಅವಳು ಸುಮ್ಮನಾದಳು. ಪರದೆಯ ವಿಮಾನ ನೆಲಕ್ಕೆ ಬಡಿಯಿತು. ಹಿಂದೆ ಕೂತಿದ್ದ ಪೈಲಟ್‌ಗಳು ನಕ್ಕರು.

“ನಿನಗ ಕಾಣಲಿಲ್ಲೇನವಾ?” ಎಂದೆ.

“ಕಂಡಿತ್ರಿ ಮೇಡಂ. ಒಮ್ಮೆ ಹೇಳಿದೆ. ಮತ್ತೊಮ್ಮೆ ಹೇಳಿದ್ರ ಸೊಕ್ಕು ಅಂತಾರ್ರಿ.”

ಕ್ಯಾಪ್ಟನ್ ನಗುತ್ತಲೇ, “ಇದು ಆಟ ಅಂತ ಬಿಟ್ಟಿ. ಖರೇ ವಿಮಾನದಾಗೂ ಹಿಂಗ ಸುಮ್ನ ಕೂಡ್ತಿದ್ದಿ ಏನು?” ಎಂದರು.

ಅವಳು ಅವರ ಕಡೆ ತಿರುಗಲಿಲ್ಲ. “ಕೂತೇನ್ರಿ ಸರ್, ನಿಮ್ಮ ಜೋಡಿನ. ಮಳಿಗಾಲದಾಗ, ಮೋಡದಾಗ ಇಳಿಯುವಾಗ. ಕಡೀಕ ನಿಮಗ ತಿಳೀತು, ಮ್ಯಾಲೆ ಎತ್ತಿದ್ರಿ. ಆಮ್ಯಾಲೆ ಇಬ್ರೂ ಚಾ ಕುಡದ್ವಿ.”

“ನನಗಿಂತ ಮೊದಲ ನಿನಗ ಕಂಡಿತ್ತೇನು?”

“ಹೌದ್ರಿ.”

“ಅವತ್ತು ವಿಮಾನದಾಗ ನಮ್ಮ ಹಿಂದ ಅಷ್ಟು ಮಂದಿ ಕೂತಿದ್ರಲ್ಲವಾ...” ಎಂದರು ಕ್ಯಾಪ್ಟನ್. ಎದ್ದು ಹೊರಗೆ ಹೋಗಿ ಬಹಳ ಹೊತ್ತು ಬಿಸಿಲಲ್ಲಿ ನಿಂತರು.

ಕಿರಿಯರಿಗೆ ಧೈರ್ಯ ಹೇಳಿಕೊಡಲು ನಾನು ಬರೆದಿದ್ದ ಪಾಠಗಳನ್ನು ಮರುದಿನವೇ ಹೊಡೆದುಹಾಕಿದೆ. ಬದಲಿಗೆ ಒಂದೇ ನಿಯಮ ಬರೆದೆ. ಪ್ರತಿ ಹಾರಾಟಕ್ಕೂ ಮುನ್ನ ಕ್ಯಾಪ್ಟನ್ನೇ ಸಹಪೈಲಟ್‌ಗೆ ಬಾಯಿಬಿಟ್ಟು ಹೇಳಬೇಕು: ನಾನು ತಪ್ಪಿದರೆ ಹೇಳು, ಎರಡು ಸಲ ಹೇಳಿಯೂ ಕೇಳದಿದ್ದರೆ ವಿಮಾನ ನಿನ್ನ ಕೈಗೆ ತೊಗೊ.

“ಹಿರಿಯರ ಮಾನ ಹೋಗ್ತದ್ರಿ ಮೇಡಂ,” ಎಂದು ಕಂಪನಿಯ ಅಧಿಕಾರಿ ತಕರಾರು ತೆಗೆದರು.

“ಹೋಗ್ಲಿ ಬಿಡ್ರಿ. ನಾನ ಮೊದಲು ಹೇಳ್ತೇನಿ,” ಎಂದರು ಆ ಕ್ಯಾಪ್ಟನ್.

ಮತ್ತೆ ಅದೇ ಪರದೆಯ ಮುಂದೆ ಕೂತು ಹೇಳಿದರು ಕೂಡ. ಹುಡುಗಿ ಈ ಸಲ ಎರಡು ಬಾರಿ ಎಚ್ಚರಿಸಿ, ವಿಮಾನ ತನ್ನ ಕೈಗೆ ತೆಗೆದುಕೊಂಡಳು. ಆದರೆ ಅವರ ನಂತರ ಕೂತ ಜೋಡಿಯಲ್ಲಿ ಕ್ಯಾಪ್ಟನ್ ಆ ಮಾತನ್ನು ಮಂತ್ರದಂತೆ ಗೊಣಗಿ ಮುಗಿಸಿದರು. ಮುಳ್ಳು ಮಿತಿ ದಾಟಿದಾಗ ಪಕ್ಕದವನು ಒಮ್ಮೆ ಕೆಮ್ಮಿ ಸುಮ್ಮನಾದ.

ತರಬೇತಿ ಈಗಲೂ ನಡೆದಿದೆ. ಎಷ್ಟು ಮಂದಿಯ ತಲೆಗೆ ಹತ್ತಿತೋ ತಿಳಿಯದು. ಎಲ್ಲಿಗಾದರೂ ಹೋಗಲು ವಿಮಾನ ಹತ್ತುವಾಗ ಮುಂದೆ ಕೂತ ಇಬ್ಬರು ಪೈಲಟ್‌ಗಳನ್ನು ಇಣುಕಿ ನೋಡುತ್ತೇನೆ. ಅವರು ನಗುತ್ತಾ ಮಾತಾಡುತ್ತಿದ್ದರೂ ನನಗೆ ಸಮಾಧಾನವಾಗುವುದಿಲ್ಲ.