ಸೋಲುವ ಸರದಿ

ದಿನಕ್ಕೆ ನಲವತ್ತು ಸಲ ಟೆನಿಸ್ ಆಡುವುದು ನನ್ನ ಕೆಲಸವಾಗಿತ್ತು. ಓಡಬೇಕಿರಲಿಲ್ಲ, ಬೆವರಬೇಕಿರಲಿಲ್ಲ. ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಶೀಟಿನ ಶೆಡ್ಡಿನಲ್ಲಿ, ಕಪ್ಪು ಬಿಳುಪು ಟಿವಿಯ ಮುಂದೆ ಸ್ಟೂಲಿನ ಮೇಲೆ ಕೂತು ನಾಬ್ ತಿರುಗಿಸಿದರೆ ಆಯಿತು. ಎಂಬತ್ತರ ದಶಕದ ನಡುವಿನ ಮಾತು. ಮನೆಯ ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ಡಬ್ಬಿಗಳನ್ನು ಅಲ್ಲಿ ಜೋಡಿಸುತ್ತಿದ್ದರು. ಪರದೆಯ ನಡುವೆ ಒಂದು ಗೆರೆ. ಎರಡು ಕಡೆ ಎರಡು ಬಿಳಿ ಕಡ್ಡಿ, ಅವೇ ಬ್ಯಾಟು. ಒಂದು ಬಿಳಿ ಚುಕ್ಕೆ, ಅದೇ ಚೆಂಡು. ಹದಿನೈದು ಅಂಕ ಯಾರಿಗೆ ಮೊದಲು ಬಂತೋ ಅವರು ಗೆದ್ದಂತೆ. ಇದಕ್ಕೆ ಸಂಬಳ ಕೊಡುತ್ತಿದ್ದರು ಅಂದರೆ ಎಲ್ಲರೂ ಮೊದಲು ನಗುತ್ತಾರೆ. ಮೊದಲ ವಾರ ನಾನೂ ನಕ್ಕಿದ್ದೆ.

ಗೋವಿಂದರಾಜನಗರದಲ್ಲಿ ನಮ್ಮದು ಒಂದೂವರೆ ಕೋಣೆಯ ಬಾಡಿಗೆ ಮನೆ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ, ಅಪ್ಪ ಕೆಲಸ ಮಾಡುತ್ತಿದ್ದ ಬಟ್ಟೆ ಮಿಲ್ಲಿನ ಗೇಟಿಗೆ ಬೀಗ ಬಿದ್ದು ಎಂಟು ತಿಂಗಳಾಗಿತ್ತು. ಆದರೂ ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋಗಿ ಆ ಗೇಟಿನ ಎದುರು ಕೂತು ಬರುತ್ತಿದ್ದ. ಅಮ್ಮ ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದಳು. ಎಷ್ಟು ತಿಕ್ಕಿದರೂ ಅವಳ ಅಂಗೈಯ ಕಪ್ಪು ಹೋಗುತ್ತಿರಲಿಲ್ಲ. ತಮ್ಮ, ತಂಗಿ ಇನ್ನೂ ಸ್ಕೂಲಿನಲ್ಲಿದ್ದರು. ತಿಂಗಳಿಗೊಮ್ಮೆ ನಂಬಿಕೊಳ್ಳಬಹುದಾದ ಸಂಬಳ ಅಂತ ಇದ್ದದ್ದು ನನ್ನದೊಂದೇ. ನಾನು ಮಾಡುವ ಕೆಲಸ ಏನೆಂದು ಕೇಳಿ ತಿಳಿದ ದಿನ ಅಪ್ಪ, “ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಜನಕ್ಕೆ ಬಟ್ಟೆ ಬೇಡ್ವಂತೆ, ಆಟ ಬೇಕಂತೆ,” ಅಂದಿದ್ದ. ನನಗೆ ರೇಗಿತ್ತು. ಆದರೆ ಆ ಆಟ ನಿಂತ ದಿನ ನಮ್ಮ ಒಲೆಯೂ ನಿಲ್ಲುತ್ತದೆ ಅನ್ನುವುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಈ ಟೆನಿಸ್ಸಿಗೆ ಇಬ್ಬರು ಬೇಕು. ನನ್ನ ಎಡಗಡೆಯ ಸ್ಟೂಲಿನಲ್ಲಿ ಕೂರುತ್ತಿದ್ದವಳನ್ನು ಎಲ್ಲರೂ ಉಲ್ಲಾಳದಕ್ಕ ಅಂತಲೇ ಕರೆಯುತ್ತಿದ್ದರು. ಊರ ಹೊರಗಿನ ಉಲ್ಲಾಳ ಆಗ ಹಳ್ಳಿಯೇ. ಅಲ್ಲಿಂದ ಎರಡು ಬಸ್ಸು ಬದಲಿಸಿ, ಮಾಗಡಿ ರೋಡಿನ ಟೋಲ್‌ಗೇಟಿನಲ್ಲಿ ಇಳಿದು ನಡೆದು ಬರುತ್ತಿದ್ದಳು. ನನಗಿಂತ ಐದಾರು ವರ್ಷ ದೊಡ್ಡವಳು. ಗಂಡನನ್ನು ಬಿಟ್ಟು, ಐದು ವರ್ಷದ ಮಗಳನ್ನು ಕರೆದುಕೊಂಡು ಬಂದು ಅಣ್ಣನ ಮನೆ ಸೇರಿದ್ದಳು. ಅವಳ ಮುಂಗೈ ಮೇಲೆ ಸಾಲಾಗಿ ದುಂಡನೆಯ ಕಲೆಗಳಿದ್ದವು. ಒಂದು ದಿನ ಬಾಯಿ ತಡೆಯಲಾರದೆ ಕೇಳಿಬಿಟ್ಟೆ.

“ಅವ್ನು ಬೀಡಿ ಆರಿಸಿದ್ದು ಕಣೇ,” ಅಂದಳು. “ಸಂಬಳ ತರೋ ತಂಕ ಅತ್ತಿಗೆ ಅನ್ನ ಹಾಕ್ತಾಳೆ. ಕೆಲಸ ಹೋದ್ರೆ ಮಗೂನೂ ಕರ್ಕೊಂಡು ಅವನ ಮನೇಗೇ ಹೋಗು ಅಂತ ಮುಖದ ಮೇಲೇ ಹೇಳವ್ಳೆ. ಅದಕ್ಕೇ ಜ್ವರ ಬಂದ್ರೂ ಬರ್ತೀನಿ.”

ನಿಜಕ್ಕೂ ಜ್ವರ ಬಂದರೂ ಬರುತ್ತಿದ್ದಳು. ನಾನು ಅವಳಷ್ಟು ಒಳ್ಳೆಯವಳಲ್ಲ. ಬೇಗ ಕೋಪ, ಬಾಯಿ ಜೋರು. ಜೋಡಿಸುವ ಹುಡುಗಿಯರು ಬೆಸುಗೆ ಸರಿಯಾಗಿ ಹಾಕದೆ ಕಳಿಸಿದರೆ ಡಬ್ಬಿಯನ್ನು ಅವರ ಮೇಜಿನ ಮೇಲೆ ಕುಕ್ಕಿ ಬರುತ್ತಿದ್ದೆ. ಅಕ್ಕ ಹಿಂದೆಯೇ ಹೋಗಿ ಅವರನ್ನು ಸಮಾಧಾನ ಮಾಡುತ್ತಿದ್ದಳು.

ನಮ್ಮಿಬ್ಬರ ನಡುವೆ ಒಂದು ಪದ್ಧತಿ ಬೆಳೆದಿತ್ತು. ಎರಡು ನಾಬುಗಳೂ ಮೇಲಿನಿಂದ ಕೆಳಗಿನವರೆಗೆ ಸರಾಗವಾಗಿ ಓಡುತ್ತವೆಯೇ ನೋಡಬೇಕು, ಆಮೇಲೆ ಹದಿನೈದು ಅಂಕವಾಗುವವರೆಗೆ ಆಡಬೇಕು. ಇಬ್ಬರೂ ಮನಸ್ಸಿಟ್ಟು ಆಡಿದರೆ ಒಂದೊಂದು ಆಟಕ್ಕೂ ಕಾಲು ಗಂಟೆ ಹಿಡಿಯುತ್ತಿತ್ತು. ಹಾಗೆ ಆಡಿದರೆ ನಲವತ್ತು ಡಬ್ಬಿ ಮುಗಿದ ಹಾಗೇ. ಆದ್ದರಿಂದ ಸ್ವಲ್ಪ ಹೊತ್ತು ಸರಿಯಾಗಿ ಆಡಿ, ಆಮೇಲೆ ಒಬ್ಬರು ನಾಬ್ ತಿರುಗಿಸಿ ಬ್ಯಾಟನ್ನು ಮೂಲೆಗೆ ತಳ್ಳಿ ಕೈಬಿಡುತ್ತಿದ್ದೆವು. ಚೆಂಡು ತಾನಾಗಿ ಹೋಗುತ್ತಿತ್ತು. ಈ ಡಬ್ಬಿಗೆ ಅವಳು ಸೋತರೆ ಮುಂದಿನದಕ್ಕೆ ನಾನು. “ಯಾರ ಸರದಿ?” ಅಂತ ಒಬ್ಬರು ಕೇಳುವುದು, “ನಂದು” ಅಂತ ಇನ್ನೊಬ್ಬರು ಹೇಳುವುದು. ಆಟ ಮುಗಿದ ಮೇಲೆ ಎಡಗಡೆಗೆ ಇಷ್ಟು, ಬಲಗಡೆಗೆ ಇಷ್ಟು ಅಂತ ಚೀಟಿಯಲ್ಲಿ ಬರೆದು ಡಬ್ಬಿಗೆ ಕಟ್ಟುತ್ತಿದ್ದೆವು. ಎರಡು ವರ್ಷದಲ್ಲಿ ಸರದಿಯ ವಿಷಯಕ್ಕೆ ನಾವು ಒಮ್ಮೆಯೂ ಜಗಳವಾಡಿರಲಿಲ್ಲ.

ಆಮೇಲೆ ಡಬ್ಬಿಗಳು ಕಡಿಮೆಯಾದವು. ಹಡಗಿನಲ್ಲೋ ಸೂಟ್‌ಕೇಸಿನಲ್ಲೋ ಕದ್ದು ಬರುತ್ತಿದ್ದ ಫಾರಿನ್ ಆಟಗಳಲ್ಲಿ ಬಣ್ಣ ಇತ್ತು, ಓಡುವ ಮನುಷ್ಯರಿದ್ದರು, ಬಂದೂಕಿತ್ತು. ನಮ್ಮದರಲ್ಲಿ ಎರಡು ಕಡ್ಡಿ, ಒಂದು ಚುಕ್ಕೆ. ಅಂಗಡಿಯವರು ಕೊಂಡ ಮಾಲನ್ನು ವಾಪಸ್ಸು ಕಳಿಸತೊಡಗಿದರು. ದಿನಕ್ಕೆ ನಲವತ್ತಿದ್ದದ್ದು ಇಪ್ಪತ್ತಾಯಿತು, ಹತ್ತಾಯಿತು. ಜೋಡಿಸುವ ಹುಡುಗಿಯರು ಒಬ್ಬೊಬ್ಬರಾಗಿ ಬರುವುದು ನಿಂತಿತು. ಪ್ರತಿ ಸಂಜೆ ಶೆಡ್ಡಿನಿಂದ ಹೊರಬೀಳುವಾಗ ಖಾಲಿಯಾದ ಸ್ಟೂಲುಗಳನ್ನು ಎಣಿಸುತ್ತಿದ್ದೆ.

ಒಂದು ಗುರುವಾರ ಊಟದ ಹೊತ್ತಿಗೆ ಸಾರ್ ನಮ್ಮಿಬ್ಬರನ್ನೂ ಕರೆದರು. ಸರ್ಕಾರಿ ಕಾರ್ಖಾನೆಯ ಒಳ್ಳೆಯ ಕೆಲಸ ಬಿಟ್ಟು ಬಂದು ಆ ಶೆಡ್ಡು ಹಾಕಿದ್ದ ಮನುಷ್ಯ. ಕೆಟ್ಟವರಲ್ಲ. ನಮ್ಮ ಮುಖ ನೋಡದೆ, ಮೇಜಿನ ಮೇಲಿದ್ದ ಸ್ಕ್ರೂಗಳನ್ನು ಸಾಲಾಗಿ ಜೋಡಿಸುತ್ತಾ ಮಾತಾಡಿದರು.

“ಟೆಸ್ಟಿಂಗಿಗೆ ಇನ್ಮೇಲೆ ಒಬ್ಬರೇ ಸಾಕಮ್ಮ. ಇಬ್ಬರನ್ನ ಇಟ್ಕೊಳ್ಳೋಕೆ ನನ್ ಕೈಲಾಗಲ್ಲ. ಯಾರನ್ನ ಕಳ್ಸಲಿ ಅಂತ ವಾರದಿಂದ ನಿದ್ದೆ ಇಲ್ಲ. ನೀವೇ ಇಬ್ಬರೂ ಮಾತಾಡ್ಕೊಂಡು ಶನಿವಾರ ಹೇಳಿಬಿಡಿ.”

ಅವರೇ ಯಾರನ್ನಾದರೂ ತೆಗೆದಿದ್ದರೆ ಅವರನ್ನು ಬಯ್ದುಕೊಂಡು ಬದುಕಬಹುದಿತ್ತು. ಕತ್ತಿಯನ್ನು ನಮ್ಮ ಕೈಗೇ ಕೊಟ್ಟರು.

ಶೆಡ್ಡಿನ ಹಿಂದೆ ಬುತ್ತಿ ಬಿಚ್ಚಿದೆವು. ಅಕ್ಕ ತನ್ನದನ್ನು ಮುಟ್ಟದೆ ಮತ್ತೆ ಕಟ್ಟಿ, “ಚೀಟಿ ಎತ್ತೋಣ ಕಣೇ. ಇಬ್ಬರ ಹೆಸರೂ ಬರ್ದು ಗಣೇಶನ ಗುಡೀಲಿ ಹಾಕೋಣ. ಪೂಜಾರಪ್ಪನೇ ಎತ್ತಲಿ,” ಅಂದಳು.

ನಾನು ಆಗಲೇ ಲೆಕ್ಕ ಹಾಕಿದ್ದೆ. ಚೀಟಿಯಲ್ಲಾದರೆ ನನಗೆ ಅರ್ಧ ಆಸೆ. ನಾಬ್ ಹಿಡಿದರೆ ಅರ್ಧಕ್ಕಿಂತ ಹೆಚ್ಚು. ನನ್ನ ಬೆರಳು ಅವಳದಕ್ಕಿಂತ ಚುರುಕು, ಅದು ಇಬ್ಬರಿಗೂ ಗೊತ್ತಿದ್ದ ವಿಷಯ.

“ದೇವರ ತಲೆ ಮೇಲೆ ಯಾಕಕ್ಕ ಹಾಕೋದು? ಆಡೋಣ. ನಿಜವಾದ ಆಟ. ಗೆದ್ದೋರು ಇರೋದು,” ಅಂದೆ. ನ್ಯಾಯದ ಮಾತು ಅನ್ನುವ ಹಾಗೆ ಹೇಳಿದೆ.

ಅವಳು ನನ್ನನ್ನು ನೋಡಿ, “ಹೂಂ, ಹಂಗೇ ಆಗ್ಲಿ,” ಅಂದಳು. ಎಷ್ಟು ಬೇಗ ಒಪ್ಪಿಕೊಂಡಳೆಂದರೆ ನನಗೆ ಅವಳ ಮೇಲೇ ಸಿಟ್ಟು ಬಂತು. ಇಂಥವಳನ್ನು ಯಾರು ತಾನೇ ತುಳಿಯುವುದಿಲ್ಲ ಅಂದುಕೊಂಡೆ. ತುಳಿಯುತ್ತಿದ್ದವಳು ನಾನೇ.

ಶನಿವಾರ ಏಳೇ ಡಬ್ಬಿಗಳಿದ್ದವು. ಆರನ್ನು ಎಂದಿನಂತೆ ಸರದಿಯ ಮೇಲೆ ಮುಗಿಸಿದೆವು. ಆರನೆಯದರಲ್ಲಿ ಸೋಲು ಅವಳದಾಗಿತ್ತು. ಎಡಗಡೆ ಮೂರು, ಬಲಗಡೆ ಹದಿನೈದು ಅಂತ ಅವಳೇ ಬರೆದು ಚೀಟಿಯನ್ನು ಮೇಜಿನ ಮೇಲಿಟ್ಟಳು. ಏಳನೆಯ ಡಬ್ಬಿಯನ್ನು ಟಿವಿಗೆ ಸಿಕ್ಕಿಸಿದೆ. ಇದು ನಿಜವಾದದ್ದು ಅಂತ ಯಾರೂ ಹೇಳಬೇಕಾಗಿರಲಿಲ್ಲ.

ಎರಡು ವರ್ಷ ಕಣ್ಣು ಮುಚ್ಚಿಕೊಂಡು ಹೊಡೆದ ಚೆಂಡು ಅಂದು ಕಣ್ಣಿಗೆ ಸಿಗಲಿಲ್ಲ. ಬೆವರಿಗೆ ಬೆರಳು ಜಾರಿ ಬ್ಯಾಟು ಚೆಂಡಿಗಿಂತ ಮೇಲಕ್ಕೆ ಓಡುತ್ತಿತ್ತು, ಇಲ್ಲವೇ ಕೆಳಗೇ ಉಳಿಯುತ್ತಿತ್ತು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಯಿ ಬಿಗಿಹಿಡಿದು, ನಿಧಾನವಾಗಿ ಆಡುತ್ತಿದ್ದಳು. ಅವಳಿಗೆ ನಾಲ್ಕು, ನನಗೆ ಮೂರು. ಅವಳಿಗೆ ಆರು, ನನಗೆ ಮೂರು. ಅವಳಿಗೆ ಒಂಬತ್ತು, ನನಗೆ ಆರು. ಬೀಗ ಹಾಕಿದ ಗೇಟಿನ ಎದುರು ಅಪ್ಪನ ಪಕ್ಕದಲ್ಲಿ ನಾನೂ ಕೂತಿರುವುದು ಕಣ್ಣಿಗೆ ಕಟ್ಟಿತು. ಸಾಯಬೇಕು ಅನ್ನಿಸಿತು. ಇದನ್ನು ಹೆಚ್ಚು ಮಾಡಿ ಹೇಳುತ್ತಿಲ್ಲ.

ಅಷ್ಟರಲ್ಲಿ ಪರದೆ ಕಪ್ಪಾಯಿತು. ಡಬ್ಬಿಯೊಳಗೆ ಒಂದು ತಂತಿಯ ಬೆಸುಗೆ ಬಿಟ್ಟಿತ್ತು. ಬಿಚ್ಚಿ, ಕಾಯಿಸಿ, ಮತ್ತೆ ಕೂಡಿಸಿದೆ. ಆನ್ ಮಾಡಿದಾಗ ಎರಡೂ ಕಡೆ ಸೊನ್ನೆ ನಿಂತಿತ್ತು. ಅವಳ ಒಂಬತ್ತು ಹೋಗಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತು, ಬಾಯಿಗೆ ಅಭ್ಯಾಸವಾಗಿ ಹೋಗಿದ್ದ ಮಾತನ್ನು ಕೇಳಿದಳು.

“ಯಾರ ಸರದಿ?”

“ನಿಂದೇ ಅಕ್ಕ,” ಅಂದೆ.

ಯೋಚನೆ ಮಾಡಿ ಹೇಳಿದ್ದಲ್ಲ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಯೋಚನೆ ಮಾಡಿಯೇ ಹೇಳಿದ್ದು. ಹಿಂದಿನ ಡಬ್ಬಿಗೆ ಸೋತವಳು ಅವಳು, ಸೋಲುವ ಸರದಿ ನನ್ನದಾಗಿತ್ತು. ಅವಳು ಮೇಜಿನ ಮೇಲಿದ್ದ ಚೀಟಿಯನ್ನು ನೋಡಿದಳು. ಎಡಗಡೆ ಮೂರು, ಬಲಗಡೆ ಹದಿನೈದು, ಅವಳದೇ ಅಕ್ಷರ. ಆಮೇಲೆ ನನ್ನನ್ನು ನೋಡಿದಳು. ಆ ನೋಟದಲ್ಲಿ ಕೋಪ ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಕೋಪ ಇರಲಿಲ್ಲ. “ಓ, ಹೌದಾ,” ಅಂದಳು. ನಾಬನ್ನು ಪೂರ್ತಿ ತಿರುಗಿಸಿ ಬ್ಯಾಟನ್ನು ಮೂಲೆಗೆ ತಳ್ಳಿ, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು.

ಮೊದಲ ಚೆಂಡು ಅವಳ ಕಡೆ ಹೋಗಿ ಹಾಗೇ ದಾಟಿತು. ಅಂಕ ಗಳಿಸಿದವರ ಕಡೆಗೇ ಮುಂದಿನ ಚೆಂಡನ್ನು ಕಳಿಸುವುದು ಆ ಯಂತ್ರದ ರೀತಿ. ಆದ್ದರಿಂದ ಉಳಿದ ಹದಿನಾಲ್ಕೂ ನನ್ನ ಕಡೆಗೇ ಬಂದವು. ಒಂದೊಂದನ್ನೂ ನಾನೇ ಹೊಡೆಯಬೇಕಿತ್ತು. ಒಂದನ್ನು ಬಿಟ್ಟಿದ್ದರೂ ಸಾಕಿತ್ತು, ಅವಳ ಕೈ ಮಡಿಲಿನಿಂದ ಏಳುತ್ತಿತ್ತೋ ಏನೋ. ಐದನೆಯದನ್ನು ಬಿಡುತ್ತೇನೆ ಅಂದುಕೊಂಡೆ, ಹೊಡೆದೆ. ಎಂಟನೆಯದು ಬಂತು, ಹೊಡೆದೆ. ಆ ಮಗುವಿನ ನೆನಪು ಬಂತು, ಹೊಡೆದೆ. ಬೆರಳು ಜಾರುವುದು ಪೂರ್ತಿ ನಿಂತುಹೋಗಿತ್ತು. ಹದಿನಾಲ್ಕರಲ್ಲಿ ಒಂದೂ ತಪ್ಪಲಿಲ್ಲ.

ಚೀಟಿಯನ್ನು ಅವಳೇ ಬರೆದಳು. ಸಾರ್ ಹತ್ತಿರ ಅವಳೇ ಹೋಗಿ, “ಇವಳೇ ಇರ್ಲಿ ಸಾರ್. ನಂಗೆ ಬಸ್ಸಲ್ಲಿ ದೂರ ಆಗ್ತದೆ,” ಅಂದಳು. ಸಾರ್ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. ಟೋಲ್‌ಗೇಟಿನ ತನಕ ಇಬ್ಬರೂ ಜೊತೆಯಲ್ಲೇ ನಡೆದೆವು. ಹೇಳಬೇಕು ಅಂತ ಮೂರು ಸಲ ಬಾಯಿ ತೆರೆದೆ. ಬಸ್ಸು ಬಂತು. “ಬರ್ತೀನಿ ಕಣೇ,” ಅಂದು ಹತ್ತಿದಳು.

ಮನೆಯಲ್ಲಿ ಅಮ್ಮ ಬಾಗಿಲಲ್ಲೇ ನಿಂತಿದ್ದಳು. “ಉಳೀತು,” ಅಂದೆ. ಅಮ್ಮ ಆ ಕಪ್ಪು ಕೈಯಲ್ಲೇ ನನ್ನ ಕೆನ್ನೆ ಸವರಿ ದೇವರ ಮುಂದೆ ದೀಪ ಹಚ್ಚಿದಳು. ಅಪ್ಪ ಮಾತ್ರ, “ಇನ್ನೊಬ್ಳು?” ಅಂದ. ಅಷ್ಟೇ ಕೇಳಿದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳಿಗೆ ಉಲ್ಲಾಳದಿಂದ ದೂರ ಆಗುತ್ತಿತ್ತಂತೆ, ಅವಳೇ ಬಿಟ್ಟಳು, ನಾನೇನೂ ಬಲವಂತ ಮಾಡಲಿಲ್ಲ, ಸಾರ್‌ನ ಬೇಕಾದರೆ ಕೇಳು ಅಂತ ನಿಲ್ಲಿಸದೆ ಹೇಳುತ್ತಾ ಹೋದೆ. ಅಪ್ಪ ಎದ್ದು ಹೊರಗೆ ಹೋದ.

ಸೋಮವಾರದಿಂದ ಎರಡೂ ನಾಬ್ ನಾನೇ ಹಿಡಿದೆ. ಎಡಗೈಯಲ್ಲಿ ಅವಳದು, ಬಲಗೈಯಲ್ಲಿ ನನ್ನದು. ಕಷ್ಟದ ಕೆಲಸವೇನಲ್ಲ, ನಾಲ್ಕು ದಿನದಲ್ಲಿ ಒಗ್ಗಿತು. ಒಂದು ಡಬ್ಬಿಗೆ ಎಡಗೈ, ಒಂದಕ್ಕೆ ಬಲಗೈ ಸೋಲಲಿ ಅಂತ ಸರದಿ ಇಟ್ಟುಕೊಂಡಿದ್ದೆ. ಮಧ್ಯಾಹ್ನದ ಹೊತ್ತಿಗೆ ತಪ್ಪಿಹೋಗುತ್ತಿತ್ತು. ಚೀಟಿಗಳನ್ನು ನೋಡಿದರೆ ಹೆಚ್ಚಿನವುಗಳಲ್ಲಿ ಬಲಗಡೆಯೇ ಗೆದ್ದಿರುತ್ತಿತ್ತು.

ಎರಡು ತಿಂಗಳಾದ ಮೇಲೆ, ತಡೆಯಲಾರದೆ, ಒಂದು ಭಾನುವಾರ ಉಲ್ಲಾಳಕ್ಕೆ ಹೋದೆ. ಅವಳ ಮಗಳಿಗೆ ಅಂತ ಬಿಸ್ಕೆಟ್ ಪೊಟ್ಟಣ ತೆಗೆದುಕೊಂಡಿದ್ದೆ. ಕಾಲು ಹಿಡಿದುಕೊಂಡಾದರೂ ಹೇಳಿಬಿಡಬೇಕು ಅಂತ ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಮನೆ ಹುಡುಕಿಕೊಂಡು ಹೋದಾಗ ಅವಳ ಅತ್ತಿಗೆ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು.

“ಅವಳಿಲ್ಲಮ್ಮ. ಹೋದ ತಿಂಗಳೇ ಗಂಡ ಬಂದು ಕರ್ಕೊಂಡೋದ,” ಅಂದಳು, ಮೊರ ನಿಲ್ಲಿಸದೆ. “ನೀನ್ಯಾರು?”

“ಜೊತೇಲಿ ಕೆಲಸ ಮಾಡ್ತಿದ್ದೆ.”

“ಆಟ ಆಡ್ತಿದ್ರಲ್ಲ, ಅಲ್ಲೇನಾ?”

“ಹೂಂ,” ಅಂದೆ. “ಮಗು?”

“ಅದೂ ಹೋಯ್ತು. ಹೋಗಲ್ಲ ಅಂತ ಕಂಬ ತಬ್ಕೊಂಡಿತ್ತು. ಬಿಡಿಸಿ ಕಳಿಸಿದ್ವಿ.”

ಕುಡಿಯಲು ನೀರು ತಂದುಕೊಟ್ಟಳು. ಕುಡಿದು, ಬಿಸ್ಕೆಟ್ಟನ್ನು ಅವಳ ಮಕ್ಕಳಿಗೇ ಕೊಟ್ಟು, ವಾಪಸ್ಸು ಬಂದೆ.

ಮಾರನೆಯ ದಿನ ಹನ್ನೊಂದು ಡಬ್ಬಿಗಳಿದ್ದವು. ಮೊದಲ ಹತ್ತರಲ್ಲೂ ನನ್ನ ಬ್ಯಾಟನ್ನು ಮೂಲೆಗೆ ತಳ್ಳಿ, ಎಡಗೈಯಿಂದ ಮಾತ್ರ ಆಡಿದೆ. ಎಡಗಡೆ ಹದಿನೈದು, ಬಲಗಡೆ ಸೊನ್ನೆ. ಹತ್ತು ಚೀಟಿಗಳಲ್ಲಿ ಹಾಗೇ ಬರೆದೆ. ಬರೆಯುತ್ತಾ ಬಿಕ್ಕಳಿಸಿ ಅತ್ತೆ. ಟಿವಿಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಸಂಜೆ ಸಾರ್ ಬಂದು ಚೀಟಿಗಳನ್ನು ಒಂದೊಂದಾಗಿ ಮಗುಚಿ ನೋಡಿದರು.

“ಏನಮ್ಮ ಇದು, ಎಲ್ಲದ್ರಲ್ಲೂ ಎಡಗಡೇನೇ ಗೆದ್ದಿದೆ? ಆಡಿ ಬರ್ದಿದೀಯೋ, ಸುಮ್ನೆ ಕೂತು ಬರ್ದಿದೀಯೋ? ಹಿಂಗಾದ್ರೆ ನಿನ್ನ ಹೆಂಗಮ್ಮ ಇಟ್ಕೊಳ್ಳೋದು?”

“ಆಡಿದೀನಿ ಸಾರ್.”

“ಸರಿ, ನನ್ನೆದುರಿಗೆ ಒಂದು ಆಡು, ನೋಡೋಣ.”

ಹನ್ನೊಂದನೆಯದನ್ನು ಸಿಕ್ಕಿಸಿದೆ. ಎಡಗಡೆಯ ನಾಬನ್ನು ತಿರುಗಿಸಿ ಅವಳ ಬ್ಯಾಟನ್ನು ಮೂಲೆಗೆ ತಳ್ಳಿದೆ. ಗೆದ್ದೆ.