ಕೆಂಪಿಗೆ ತಿರುಗಿಸಿದ ಲಾಂದ್ರ

ನಮ್ಮ ಬೀದಿಯ ದರ್ಜಿ ಅಕ್ಕ ಹಳೇ ಬಟ್ಟೆಯನ್ನು ಹೊಸದು ಮಾಡುವುದರಲ್ಲಿ ಎತ್ತಿದ ಕೈ. ಅವಳು ಒಂದು ದಿನ ತೀರಿಹೋದ ಅಪ್ಪನ ರೈಲ್ವೆ ಲಾಂದ್ರವನ್ನು ಅಟ್ಟದಿಂದ ಇಳಿಸಿ, ಹೊಲಿಗೆ ಯಂತ್ರದ ಪಕ್ಕದಲ್ಲೇ ಸೀಮೆಎಣ್ಣೆಯಲ್ಲಿ ನೆನೆಹಾಕಿದಳು. ಗಿರಾಕಿಗಳ ಬಟ್ಟೆಗೆಲ್ಲ ಅದರ ವಾಸನೆ ಹತ್ತಿತು. ನನ್ನದೂ ತಪ್ಪಲಿಲ್ಲ.

ಅವಳಪ್ಪ ರೈಲ್ವೆ ಗೇಟ್‌ಮನ್ ಆಗಿದ್ದವನು. ಒಂದು ಮುಸ್ಸಂಜೆ ಹಳಿಯ ಮೇಲೆ ಲಾರಿ ಕೆಟ್ಟು ನಿಂತಾಗ, ಈ ಲಾಂದ್ರ ಹಿಡಿದು ರೈಲಿಗೆ ಎದುರಾಗಿ ಓಡಿದ್ದ. ರೈಲು ನಿಲ್ಲಲಿಲ್ಲ. ಲಾರಿಯಲ್ಲಿದ್ದವರು ಸತ್ತರು. ತನಗೆ ಕಂಡದ್ದು ಹಸಿರು ಎಂದ ರೈಲಿನ ಚಾಲಕ. ಕೆಂಪಿಗೇ ತಿರುಗಿಸಿದ್ದೆ ಎಂದು ಇವನು ಬಡಕೊಂಡ. ವಿಚಾರಣೆಯವರು ಕಿವಿಗೆ ಹಾಕಿಕೊಳ್ಳದೆ ಕೆಲಸದಿಂದ ತೆಗೆದರು. ಅವರ ಮಾತು ಬಿಡಿ, ಕಟ್ಟಿಕೊಂಡ ಹೆಂಡತಿಯೇ ನಂಬಲಿಲ್ಲ. ಅನ್ನ ಬಡಿಸುವಾಗಲೂ ‘ಹಸಿರು ತೋರಿಸಿದ ಮಹಾನುಭಾವ’ ಎಂದು ಚುಚ್ಚುತ್ತಿದ್ದಳು. ಆ ಬಾಯಿಗೆ ಹೆದರಿ ನಾನೇ ಅವರ ಮನೆಗೆ ಹೋಗುವುದನ್ನು ಕಡಿಮೆ ಮಾಡಿದ್ದೆ. ಅವನು ಲಾಂದ್ರವನ್ನು ಅಟ್ಟಕ್ಕೆ ಎಸೆದವನು ಮತ್ತೆ ಮುಟ್ಟಲಿಲ್ಲ. ಕೊರಗಿ ಕೊರಗಿಯೇ ಹೋದ.

ಅಪ್ಪ ಸುಳ್ಳಾಡಿರಲಿಲ್ಲ ಎಂದು ಅಮ್ಮನ ಬಾಯಲ್ಲೇ ಹೇಳಿಸಬೇಕು, ಮಗಳಿಗಿದ್ದದ್ದು ಇದೊಂದೇ ಹಟ. ಲಾಂದ್ರದ ನೆತ್ತಿಯ ಗುಂಡಿ ತಿರುಗಿಸಿದರೆ ಒಳಗಿನ ಬಣ್ಣದ ಗಾಜಿನ ಡಬ್ಬಿ ತಿರುಗಿ, ಕೆಂಪೋ ಹಸಿರೋ ಮುಂದೆ ಬರುತ್ತದೆ. ಹಿಡಿದವನಿಗೆ ಕಾಣುವುದು ಹಿಂದಿನ ತಗಡು ಮಾತ್ರ. ಅವನು ನಂಬಬೇಕಾದದ್ದು ಗುಂಡಿಯನ್ನೇ.

ಉಪ್ಪುಕಾಗದದಿಂದ ತಿಕ್ಕಿ ತಿಕ್ಕಿ ಅವಳ ಬೆರಳು ಸುಲಿದವು. ಕೊನೆಗೆ ತುಕ್ಕಿನಡಿ ಗುರುತು ಕಂಡಿತು. ಗುಂಡಿ ಕೆಂಪು ಚುಕ್ಕೆಗೇ ಸರಿಯಾಗಿ ನಿಂತಿತ್ತು. ಅಕ್ಕ ಕೂತಲ್ಲೇ ಅತ್ತುಬಿಟ್ಟಳು. ಡಬ್ಬಿಯನ್ನು ಗುಂಡಿಗೆ ಸೇರಿಸಿದ್ದ ತಂತಿ ತುಕ್ಕು ಹಿಡಿದಿದ್ದರೂ ಬದಲಿಸಲಿಲ್ಲ. ಅಪ್ಪ ಬಿಟ್ಟುಹೋದ ಹಾಗೇ ಇರಲಿ ಎಂದು ಗಾಜಿನ ಮಸಿ ಮಾತ್ರ ಒರೆಸಿ, ಹೊಸ ಬತ್ತಿ ಹಾಕಿದಳು.

ಸಂಜೆ ನನ್ನನ್ನೂ ಕರೆದು, ಅಮ್ಮನನ್ನು ಗೋಡೆಗೆ ಎದುರಾಗಿ ಕೂರಿಸಿ ಲಾಂದ್ರ ಹೊತ್ತಿಸಿದಳು.

“ನೋಡಮ್ಮ, ಗುಂಡಿ ಕೆಂಪಲ್ಲೇ ಇದೆ. ಅಪ್ಪ ಹೇಳಿದ್ದು ನಿಜ.”

ಗೋಡೆಯ ಮೇಲೆ ಹಸಿರು ಬಿತ್ತು.

ಅಕ್ಕ ಗಾಬರಿಯಿಂದ ಗುಂಡಿಯನ್ನು ಹಸಿರಿಗೆ ತಿರುಗಿಸಿದಳು. ಕೆಂಪು ಬಂತು. ಮತ್ತೆ ತಿರುಗಿಸಿದಳು, ಮತ್ತೆ ಹಸಿರು. ಮುಚ್ಚಳ ತೆಗೆದು ಆ ತಂತಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಮುದುಕಿಯ ಕೈ ತಾನಾಗಿ ತನ್ನ ತುರುಬಿಗೆ ಹೋಯಿತು. ನನಗೂ ಆಗಲೇ ಹೊಳೆದದ್ದು, ಅದು ಹೆಂಗಸರ ತಲೆಪಿನ್ನು.

“ಒಳಗಿನ ಕಡ್ಡಿ ಮುರಿದಿತ್ತು,” ಎಂದಳು ಮುದುಕಿ. “ಅವತ್ತು ಮಧ್ಯಾಹ್ನ ಗಾಜು ತೊಳೆದು, ನನ್ನ ಪಿನ್ನು ಸಿಕ್ಕಿಸಿ ಕೂರಿಸಿದೆ. ಯಾವ ಕಡೆಗೆ ಕೂರಿಸಿದೆ ಅಂತ ನೋಡ್ಲಿಲ್ಲ. ಅವರಿಗೆ ಹೇಳಲೂ ಇಲ್ಲ.”

ಅಕ್ಕ ದೀಪ ಆರಿಸಲು ಬಗ್ಗಿದಾಗ ಮುದುಕಿ ಅವಳ ಮಣಿಕಟ್ಟು ಹಿಡಿದಳು.

“ಇರ್ಲಿ ಬಿಡು. ಲಾಂದ್ರ ಹಿಡಿದು ಹಿಂದೆ ನಿಂತವರಿಗೆ ಇದು ಕಾಣ್ಲೇ ಇಲ್ಲ. ನಾನಾದ್ರೂ ನೋಡ್ತೀನಿ.”

ಎಣ್ಣೆ ತೀರುವವರೆಗೂ ಅವಳು ಆ ಹಸಿರು ಗೋಡೆಯನ್ನೇ ನೋಡುತ್ತ ಕೂತಿದ್ದಳು. ಅವಳನ್ನು ವರ್ಷಗಟ್ಟಲೆ ಮನಸ್ಸಿನಲ್ಲೇ ಬೈದುಕೊಂಡು ಬಂದವಳು ನಾನು. ಅಂದು ಬೈಯಲು ಮನಸ್ಸು ಬರಲಿಲ್ಲ.