ಈರಮ್ಮನ ಪದದ ಹಿಂದೆ ಗದ್ವಾಲಿನ ತನಕ

ರಾಯಚೂರಿನಿಂದ ಬೆಳಗಿನ ಪ್ಯಾಸೆಂಜರ್ ಹತ್ತಿ ನಾರಾಯಣಪೇಟೆ ರೋಡ್ ಸ್ಟೇಷನ್ನಿನಲ್ಲಿ ಇಳಿದೆ. ಊರು ಅಲ್ಲಿಂದ ಬಹಳ ದೂರ. ಇದ್ದಿಲ ಹೊಗೆಯಿಂದ ಓಡುವ ಬಸ್ಸು ಏರಿನಲ್ಲೆಲ್ಲ ನಿಂತು ಉಸಿರೆಳೆದುಕೊಂಡು, ಮಧ್ಯಾಹ್ನದ ಹೊತ್ತಿಗೆ ನಮ್ಮನ್ನು ಮುಟ್ಟಿಸಿತು. ಬೇಸಿಗೆ. ಕೆಂಪು ಧೂಳು ಹಲ್ಲಿನಲ್ಲೂ ಸೇರಿತ್ತು.

ನಾನು ಹೋದದ್ದು ಈರಮ್ಮ ಎಂಬ ನೇಕಾರರ ಹೆಣ್ಣುಮಗಳ ತತ್ವಪದ ಕೇಳಲು. ನಮ್ಮ ಕಡೆಯ ತತ್ವಪದಗಳ ಕೊನೆಯಲ್ಲಿ ಗುರುವಿನ ಹೆಸರಿರುತ್ತದೆ. ಈಕೆ ತನ್ನ ಹೆಸರನ್ನೇ ಹಾಕಿಕೊಳ್ಳುತ್ತಾಳೆಂದು ರಾಯಚೂರಿನಲ್ಲಿ ಮಾತಾಗಿತ್ತು. ಅರವತ್ತು ದಾಟಿದ ವಿಧವೆ, ತೆಳ್ಳನೆಯ ಮೈ. ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿ, "ಮಾಸ್ತರ, ನಾಳೆ ಮಕ್ತಲ್‌ನ್ಯಾಗ ಹಾಡಾಕ ಕರದಾರ. ಅಲ್ಲೇ ಕೇಳ್ರಿ" ಎಂದಳು.

ಮರುದಿನ ಆಕೆ, ಆಕೆಯ ತಮ್ಮ ಬಸಣ್ಣ ಮತ್ತು ನಾನು ಮಕ್ತಲ್‌ಗೆ ಹೋದೆವು. ಅದು ನಿಜಾಮ ಸರ್ಕಾರದ ಕಾಲ. ಜನ ಕೂಡಿಸಿ ಏನು ಮಾಡಬೇಕಾದರೂ ಇಜಾಜತ್, ಎಂದರೆ ಸರ್ಕಾರದ ಅಪ್ಪಣೆ, ಬೇಕಿತ್ತು. ಹಾಡಲು ಕರೆದವರು ಅದನ್ನು ಪಡೆದಿರಲಿಲ್ಲ. ಸಂಜೆ ಬಜಾರಿನಲ್ಲಿ ಈರಮ್ಮ ಏಕತಾರಿ ಮೀಟಿ ಎತ್ತಿಕೊಂಡಳು:

ನೂಲು ನನ್ನದು, ಮಗ್ಗ ನನ್ನದು,
ನೆಯ್ಯೊ ಕೈಯೂ ನನ್ನದು;
ಬಾಯಿಗೊಂದು ಬೀಗ ಹಾಕಾಕ
ಯಾವ ಹುಕುಮು ನಿನ್ನದು?

ಅಷ್ಟು ಸಣ್ಣ ದೇಹದಿಂದ ಅಂಥ ದನಿ ಹೇಗೆ ಬಂತೋ! ತೂಕದ ಕಲ್ಲು ಹಿಡಿದ ಅಂಗಡಿಕಾರ ಹಿಡಿದ ಹಾಗೇ ನಿಂತ. ಎರಡನೆಯ ನುಡಿಗೆ ಪೊಲೀಸ್ ಜವಾನರು ಬಂದು ನಮ್ಮ ಮೂವರನ್ನೂ ಠಾಣೆಗೆ ಕರೆದೊಯ್ದರು.

ಠಾಣೆಯ ಮುಖ್ಯ ಅಧಿಕಾರಿ ಅಮೀನರು ಒರಟರಲ್ಲ. ಆಕೆಗೆ ಕುಡಿಯಲು ನೀರು ಕೊಡಿಸಿದರು. "ಯಾರು ಕಟ್ಟಿದ ಪದ ಇದು?" ಎಂದು ಕೇಳಿದರು.

"ಹಿರೇರ ಕಾಲದ್ದು ಸಾಹೇಬ್ರ, ಯಾರು ಕಟ್ಟ್ಯಾರೋ ಗೊತ್ತಿಲ್ರಿ" ಎಂದ ಬಸಣ್ಣ.

ಅಮೀನರ ಮುಖ ಸಡಿಲಾಯಿತು. "ಪುರಾನಾ ಪದ ಅಂದ್ರ ಬಾತ್ ಖತಂ. ಹೌದು ಅಂದುಬಿಡಮ್ಮಾ, ಮನೀಗೆ ಹೋಗು."

ಈರಮ್ಮ ಸೆರಗು ಸರಿಪಡಿಸಿಕೊಂಡಳು. "ಇಲ್ರಿ ಸಾಹೇಬ್ರ. ಪದ ನಂದೈತ್ರಿ. ಮಗ್ಗದ ಮುಂದ ಕುಂತು ನಾನ ಕಟ್ಟೀನಿ."

"ಅಕ್ಕಾ, ಒಂದು ಮಾತು. ಒಂದ ಮಾತು ಸುಳ್ಳು ಹೇಳಿದ್ರ ಏನಾಗ್ತೈತಿ?" ಬಸಣ್ಣ ಅಂಗಲಾಚಿದ.

"ಹೆತ್ತ ಕೂಸನ್ನ ನಂದಲ್ಲ ಅನ್ನಾಕ ಬರತೈತೇನೋ ತಮ್ಮಾ?"

ಅಮೀನರು ನನ್ನನ್ನೂ ಬಸಣ್ಣನನ್ನೂ ಬಿಟ್ಟುಬಿಟ್ಟರು. ಆಮೇಲೆ, ಆಕೆ ಮಕ್ತಲ್ ತಾಲ್ಲೂಕು ಬಿಟ್ಟು ಹೋಗಬೇಕು, ಮರಳಿ ಬಂದು ಹಾಡಿದರೆ ಜೈಲು ಎಂದು ಹುಕುಂ ಮಾಡಿದರು. ನಾರಾಯಣಪೇಟೆಯೂ ಅದೇ ತಾಲ್ಲೂಕು. ಎಂದರೆ ಸ್ವಂತ ಮನೆಗೂ ಆಕೆ ಕಾಲಿಡುವಂತಿರಲಿಲ್ಲ.

ಗದ್ವಾಲಿನಲ್ಲಿ ಆಕೆಯ ಬಳಗವಿತ್ತು. ಬಸಣ್ಣ ಅಳುತ್ತ ಊರಿಗೆ ಹೋದ. ಒಬ್ಬಳನ್ನೇ ಬಿಡಲು ನನಗೆ ಮನಸ್ಸಾಗಲಿಲ್ಲ. ಎತ್ತಿನ ಗಾಡಿಯಲ್ಲಿ ಕೃಷ್ಣೆಯ ದಡ ಸೇರಿ ಹರಿಗೋಲು ಹತ್ತಿದೆವು. ತಲೆಗೆ ಎರಡಾಣೆ ಕೂಲಿ. ಅಂಬಿಗ ಆಕೆಯ ಬಳಿ ಮಾತ್ರ ತೆಗೆದುಕೊಳ್ಳಲಿಲ್ಲ. ಬಂಡೆಗಳ ನಡುವೆ ನೀರು ಹಸಿರಾಗಿ ಹರಿಯುತ್ತಿತ್ತು. ಆಕೆ ಅದರಲ್ಲಿ ಕೈಯಾಡಿಸುತ್ತ ಕೂತಿದ್ದಳು. ಬಿಟ್ಟು ಬಂದ ದಡದ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ.

ಗದ್ವಾಲ ಆಗ ಬೇರೆಯೇ ಸಂಸ್ಥಾನ. ಅಲ್ಲಿ ಕವಿಗಳಿಗೆ ಮರ್ಯಾದೆ ದೊಡ್ಡದು. ಕೋಟೆಯ ಹತ್ತಿರದ ನೇಕಾರರ ಓಣಿಯಲ್ಲಿ ಈರಮ್ಮ ಪೂರ್ತಿ ಪದ ಹಾಡಿದಳು. ಕನ್ನಡ ಬಾರದ ತೆಲುಗು ಹೆಂಗಸರೂ ಅತ್ತರು. ಕೇಳಲು ಬಂದಿದ್ದ ಒಬ್ಬ ಪಂಡಿತರು ಸಂತೋಷಪಟ್ಟು, "ಕೊನೆಯಲ್ಲಿ ನಿಮ್ಮ ಹೆಸರು ತೆಗೆದು ದೊರೆಗಳ ಹೆಸರು ಹಾಕ್ರಿ. ಸಂಸ್ಥಾನದ ನೆರಳಿನ್ಯಾಗ ಆರಾಮಾಗಿ ಇರಬಹುದು" ಎಂದರು.

ಈರಮ್ಮ ನಕ್ಕಳು. "ಆಚಿ ದಂಡ್ಯಾಗ ಹೆಸರು ಮುಚ್ಚಿಡು ಅಂದ್ರು. ಈಚಿ ದಂಡ್ಯಾಗ ಮಾರು ಅಂತೀರಿ. ಒಲ್ಲೆರೀ ಯಪ್ಪಾ."

ಎರಡು ದಿನ ಅಲ್ಲಿದ್ದು, ಮಕ್ತಲ್ ಮಾರ್ಗವಾಗಿ ಕೃಷ್ಣಾ ಸ್ಟೇಷನ್ನಿಗೆ ಹೋಗಿ ರೈಲು ಹಿಡಿಯೋಣವೆಂದು ನಾನು ಹೊರಟೆ. ಈರಮ್ಮ ಗಂಟು ಕಟ್ಟಿಕೊಂಡು ಆಗಲೇ ಗಾಡಿಯಲ್ಲಿ ಕೂತಿದ್ದಳು.

"ಎಲ್ಲಿಗ್ರಿ?" ಎಂದೆ.

"ನಮ್ಮ ಮನೀಗೆ."

"ಹಿಡೀತಾರಲ್ರಿ."

"ಹಿಡೀಲಿ. ಅರ್ಧಕ್ಕ ಬಿಟ್ಟ ಪದ ಮುಗಿಸಿ ಹೋಗ್ತೀನಿ."

ದಾರಿಯುದ್ದಕ್ಕೂ ಬುದ್ಧಿ ಹೇಳಿ ನಾನೇ ಸೋತೆ. ಮಕ್ತಲ್‌ನಲ್ಲಿ ಆಕೆ ನೆಟ್ಟಗೆ ಠಾಣೆಯ ಎದುರಿನ ಬೇವಿನ ಮರದ ಕೆಳಗೆ ಕೂತು ಏಕತಾರಿ ಶ್ರುತಿ ಮಾಡಿಕೊಂಡಳು. ನನ್ನ ಬಸ್ಸು ಎದುರಿಗೇ ನಿಂತಿತ್ತು. ಹತ್ತಿದೆನಾದರೂ ಕಿಟಕಿಯಿಂದ ಕಣ್ಣು ಕೀಳಲಾಗಲಿಲ್ಲ. ಪದ ಶುರುವಾಯಿತು. ಅಂಗಡಿಗಳಿಂದ ಜನ ಇಳಿದು ಬಂದರು. ಅಮೀನರು ಬಾಗಿಲಿಗೆ ಬಂದರು. ಮೆಟ್ಟಿಲಿಳಿದು ಬಂದ ಇಬ್ಬರು ಜವಾನರು ಆಕೆಯಿಂದ ನಾಲ್ಕು ಹೆಜ್ಜೆ ಈಚೆಗೆ, ಯಾಕೋ, ನಿಂತುಬಿಟ್ಟರು.

ಬಸ್ಸು ಅಲುಗಾಡಿ ತೆವಳುತ್ತ ಹೊರಟಿತು. ಕತ್ತು ಹೊರಳಿಸಿ ನೋಡಿದೆ. ಕೊನೆಯ ನುಡಿ ಬಂತು, ಈರಮ್ಮ ತನ್ನ ಹೆಸರನ್ನು ದನಿಯೆತ್ತಿ ಹಾಡಿ ತಂತಿಯ ಮೇಲಿನ ಬೆರಳು ತೆಗೆದಳು. ಯಾರೂ ಆಕೆಯನ್ನು ಮುಟ್ಟಲಿಲ್ಲ. ಆಕೆಯೇ ಎದ್ದು, ಸೀರೆಯ ಧೂಳು ಕೊಡವಿ, ಜವಾನರಿಗಿಂತ ಮುಂದಾಗಿ ಠಾಣೆಯ ಮೆಟ್ಟಿಲೇರಿದಳು. ಅಮೀನರು ಬದಿಗೆ ಸರಿದು ದಾರಿ ಬಿಟ್ಟರು.